ಫಾರಂಗೆ ಸಹಿ ಹಾಕುವ ಮೊದಲು

ಜೂನ್ 8, ಭಾನುವಾರ

ನನ್ನ ಗುಬ್ಬಚ್ಚಿಗೆ,

ಅಮ್ಮ ಬರೆಯುತ್ತಿರುವುದು. ನಾವಿಬ್ಬರೂ ಚೆನ್ನಾಗಿದ್ದೇವೆ, ಅಂದರೆ ಇಬ್ಬರಲ್ಲಿ ಯಾರೂ ಹಾಸಿಗೆ ಹಿಡಿದಿಲ್ಲ. ನೀನು ಕಳಿಸಿದ ಕಾಲೇಜಿನ ಫಾರಂ ಬಂದು ಹನ್ನೊಂದು ದಿನವಾಯಿತು. ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವ ಮೊದಲೇ "ಅಮ್ಮಾ, ಮತ್ತೆ ಶುರು ಮಾಡ್ಬೇಡ" ಅನ್ನುತ್ತೀಯ. ಕಾಗದದಲ್ಲಾದರೆ ನನ್ನನ್ನು ತಡೆಯುವವರು ಯಾರೂ ಇಲ್ಲ. ನಿಮ್ಮಪ್ಪ ಅವತ್ತೇ ಸಹಿ ಹಾಕಿದರು. "ಮಗಳು ಓದ್ತೀನಿ ಅಂದ್ರೆ ಬೇಡ ಅನ್ನೋ ತಾಯಿ ಲೋಕದಲ್ಲಿ ನೀನೊಬ್ಬಳೇ ಕಣೇ" ಎಂದು ದಿನಕ್ಕೆರಡು ಸಲ ಚುಚ್ಚುತ್ತಾರೆ. ನಾನೆಲ್ಲಿ ಬೇಡ ಅಂದೆ? ಸ್ವಲ್ಪ ತಾಳಿ ಅಂದೆ, ಅಷ್ಟೇ.

ನನ್ನ ತಲೆ ಕೊರೆಯುತ್ತಿರುವುದು ಇದು. ಐದು ವರ್ಷ ಒಂದೇ ಕಂಪನಿಯಲ್ಲಿ ದುಡಿದ ನೀನು, ಕೆಲಸ ಬಿಟ್ಟು ಎರಡು ವರ್ಷ ಎಂ.ಬಿ.ಎ. ಓದಿ ಬಂದರೆ ಮ್ಯಾನೇಜರ್ ಆಗುತ್ತೀಯ ಎಂದು ಹೇಳಿದವರು ಯಾರು? ನಿನ್ನ ಮೇಲಿನ ಸಾಹೇಬರು. "ಓದಿ ಬನ್ನಿ, ನಿಮ್ಮ ಜಾಗ ಎಲ್ಲೂ ಹೋಗಲ್ಲ" ಅಂದರಂತೆ. ಬರವಣಿಗೆಯಲ್ಲಿ ಕೊಟ್ಟರೇ? ಅವರಿಗೆ ಕೆಲಸವಿಲ್ಲದ ಭಾವಮೈದ ಗೀವಮೈದ ಯಾರಾದರೂ ಇದ್ದಾನೆಯೇ, ಮೆಲ್ಲಗೆ ವಿಚಾರಿಸು. ನೀನು ಹುಟ್ಟುವಾಗ ಹೆರಿಗೆಗೆಂದು ನಾನು ಬರೀ ಮೂರು ತಿಂಗಳು ಹೋಗಿ ಬರುವಷ್ಟರಲ್ಲಿ ಲಾಂಡ್ರಿಯಲ್ಲಿ ನನ್ನ ಇಸ್ತ್ರಿ ಮೇಜಿನ ಮುಂದೆ ಬೇರೆ ಒಬ್ಬಳು ನಿಂತಿದ್ದಳು. ನಿನ್ನದು ಎರಡು ವರ್ಷ.

ಇನ್ನು ಆ ಕಾಲೇಜಿನವರ ಬಣ್ಣದ ಪುಸ್ತಕ. ಮೂರನೇ ಪುಟದಲ್ಲಿ ಒಬ್ಬ ಹುಡುಗಿ ಕೋಟು ಹಾಕಿಕೊಂಡು ತರಗತಿಯಲ್ಲಿ ಕುಳಿತಿದ್ದಾಳೆ. ಹನ್ನೊಂದನೇ ಪುಟದಲ್ಲಿ ಅವಳೇ ಓದು ಮುಗಿಸಿ ದೊಡ್ಡ ಕಂಪನಿಯಲ್ಲಿ ಅಧಿಕಾರಿ. ನೀನು ಮುಖ ನೋಡಿರುತ್ತೀಯ, ನಾನು ಕಾಲರು ನೋಡಿದೆ. ಬಟ್ಟೆ ಒದ್ದೆಯಿರುವಾಗಲೇ ಇಸ್ತ್ರಿ ಒತ್ತಿದರೆ ಎಡ ತುದಿಯಲ್ಲಿ ಒಂದು ಸೊಟ್ಟ ಮಡಿಕೆ ಬೀಳುತ್ತದೆ. ಎರಡು ಚಿತ್ರದಲ್ಲೂ ಅದೇ ಮಡಿಕೆ, ಅದೇ ಜಾಗದಲ್ಲಿ. ಅಂದರೆ ಅವಳು ಕಾಲೇಜು ಸೇರಿದ್ದೂ ಅಧಿಕಾರಿಯಾದದ್ದೂ ಒಂದೇ ದಿನ, ಊಟಕ್ಕೆ ಮೊದಲು ಒಂದು, ಊಟದ ನಂತರ ಇನ್ನೊಂದು!

ನಮ್ಮ ಲಾಂಡ್ರಿಗೂ ಹೋದ ವರ್ಷ ಅದೇ ಓದು ಓದಿದ ಮ್ಯಾನೇಜರ್ ಬಂದರಲ್ಲ. ಬಂದ ವಾರವೇ ಮೇಜಿಗೊಂದು ಗಡಿಯಾರ ಇಡಿಸಿ, ಅಂಗಿಗೆ ಎರಡೇ ನಿಮಿಷ ಅಂದರು. ಎರಡು ನಿಮಿಷಕ್ಕೆ ಕಾಲರಿನ ಒಳಪದರ ಒಣಗುವುದಿಲ್ಲ ಎಂದು ಹೇಳಿದೆ. "ಲೆಕ್ಕ ಹಾಕಿಯೇ ಹೇಳ್ತಿದೀನಿ ಅಕ್ಕ" ಅಂದರು. ಹೋಟೆಲಿನವರ ಅಂಗಿಗಳು ಗಂಟು ಗಂಟೇ ವಾಪಸು ಬಂದವು. ಗುಂಡಿ ಹೊಲಿಯುವ ನನ್ನ ಗೆಳತಿಯ ಬಾಯಿ ನಿನಗೆ ಗೊತ್ತಲ್ಲ. "ಕೋಟು ತೊಡಿಸಿದ್ದು ಕಾಲೇಜು, ಸುಕ್ಕು ತೆಗೆಯೋರು ಮಾತ್ರ ನಾವು" ಅಂದಳು. ಆದರೆ ಸುಳ್ಳು ಹೇಳಬಾರದು, ಅವರು ಕೆಟ್ಟವರಲ್ಲ. ಮರುದಿನ ಗಡಿಯಾರ ತೆಗೆಸಿ, ನನ್ನ ಪಕ್ಕದಲ್ಲಿ ನಿಂತು, ಕಾಲರನ್ನು ಕೆನ್ನೆಗೆ ಒತ್ತಿ ತೇವ ನೋಡುವುದನ್ನು ಕಲಿತರು.

ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಸಾರ್, ಆ ಓದಿನಿಂದ ನಿಜವಾಗ್ಲೂ ಮೇಲಕ್ಕೆ ಹೋಗ್ತಾರಾ? ನನ್ನ ಮಗಳು ಸೇರ್ತಾಳಂತೆ."

ನಕ್ಕರು. "ಅದಿಲ್ದಿದ್ರೆ ನನ್ನನ್ನ ಇಂಟರ್‌ವ್ಯೂಗೇ ಕರೀತಿರಲಿಲ್ಲ ಅಕ್ಕ. ಒಳಗೆ ಬಂದ್ಮೇಲೆ ಬೇರೆ ಕಥೆ. ನನ್ನ ಮೇಲಿರೋರು ಏನೂ ಓದಿಲ್ಲ. ಓನರ್ ಅಳಿಯ."

"ಅಳಿಯ ಆಗೋಕೆ ಯಾವ ಕಾಲೇಜು ಸಾರ್?" ಎಂದು ಗುಂಡಿಯವಳು ಆಚೆಯಿಂದ ಕೂಗಿದಳು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಅವರ ಮಾತಿನಿಂದ ಓದಬೇಕೆಂದಾಯಿತೋ ಬೇಡವೆಂದಾಯಿತೋ, ನನಗಿನ್ನೂ ತಿಳಿದಿಲ್ಲ.

ಸಾಹೇಬರಿಂದ ಒಂದು ಚೀಟಿಯನ್ನಾದರೂ ಬರೆಸಿಕೋ ಮಗಳೇ. ಹಿಂದಿನ ವರ್ಷ ಓದಿದ ಯಾರನ್ನಾದರೂ ಕಾಲೇಜಿನ ಗೇಟಿನ ಹೊರಗೆ ಹಿಡಿದು ಕೇಳು. ಒಳಗೆ ಕೇಳಿದರೆ ಎಲ್ಲರದೂ ನಗುಮುಖವೇ. ಕೆಲಸದಲ್ಲಿದ್ದುಕೊಂಡೇ ಸಂಜೆ ಓದಲು ಆಗುತ್ತದೆಯೇ ನೋಡು. ಇಷ್ಟಾದ ಮೇಲೂ ಸೇರಬೇಕೆನಿಸಿದರೆ ಸೇರು. ನಿನ್ನ ಬುದ್ಧಿಯ ಮೇಲೆ ನನಗೆ ಅನುಮಾನವಿಲ್ಲ. ಉಳಿದವರೆಲ್ಲರ ಮೇಲೆ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ, ಯಾರ ಮುಂದೆಯೂ ನಿನ್ನ ತಲೆ ತಗ್ಗದಿರಲಿ.

ನಿನ್ನ
ಅಮ್ಮ

ತಾ.ಕ.: ಹನ್ನೊಂದು ದಿನ ಫಾರಂ ನನ್ನಲ್ಲೇ ಉಳಿಯಲು ಕಾರಣ ಬೇರೆ. ಎರಡನೇ ಪುಟದಲ್ಲಿ ತಾಯಿಯ ವಿದ್ಯಾಭ್ಯಾಸ ಎಂದಿರುವ ಕಡೆ 'ಪದವೀಧರೆ' ಎಂದು ಬರೆದಿದ್ದೀಯ. ಏಳನೇ ತರಗತಿಯ ನಡುವೆ ನನ್ನನ್ನು ಶಾಲೆ ಬಿಡಿಸಿದರೆಂದು ನಿನಗೆ ಗೊತ್ತು. ನೀನು ಎರಡು ವರ್ಷ ಕಷ್ಟಪಟ್ಟು ತರಬೇಕೆಂದಿರುವುದನ್ನು ನನಗೆ ಒಂದೇ ಪದದಲ್ಲಿ ಕೊಟ್ಟುಬಿಟ್ಟೆ. ನಿಜ ಬರೆದರೆ ಯಾರಾದರೂ ಓದುತ್ತಾರೆಂದು ನಾಚಿಕೆಯಾಯಿತೇ? ಅದನ್ನು ಹೊಡೆದುಹಾಕಿ, 'ಏಳನೇ ಕ್ಲಾಸು, ಅರ್ಧ' ಎಂದು ಬರೆದು ಸಹಿ ಹಾಕಿದ್ದೇನೆ. ಹಾಕಿದ ಮೇಲೆ ಫಾರಂ ಮತ್ತೆ ಬಿಡಿಸಿ ನೋಡಿದೆ. ತಿದ್ದಿದ್ದರಿಂದ ನಿನ್ನ ಸೀಟು ತಪ್ಪುತ್ತದೆಯೇನೇ? ಕೊನೆಯ ದಿನ ಇಪ್ಪತ್ತು ಅಲ್ಲವೇ, ಸಮಯವಿದೆ. ಬೇಕಾದರೆ ಇನ್ನೊಂದು ಫಾರಂ ಕಳಿಸು. ಸಹಿಯ ಜಾಗಕ್ಕೆ ಮಾತ್ರ ಗುರುತು ಹಾಕಿರು. ಉಳಿದದ್ದನ್ನು ನಾನು ಓದುವುದಿಲ್ಲ.