ಕಹಿ ಹಾಲು

ಮಾರ್ಚ್ 3, ಬೆಳಿಗ್ಗೆ
ಹಾಲು ಇವತ್ತೂ ಕಹಿ. ಹಾಲಿನವನಿಗೆ ಫೋನ್ ಮಾಡಿ ಜಾಡಿಸಿದೆ. "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ ಯಜಮಾನ್ರೇ," ಅಂದ. ಹಳೇ ಬೈಕು ಮಾರಿ ಮೇಲೆ ಬಂದವನು ನಾನು. ಈ ಮಾತನ್ನು ನಾನೇ ಎಷ್ಟು ಗಿರಾಕಿಗಳಿಗೆ ಹೇಳಿಲ್ಲ! ನಾಳೆಯಿಂದ ಬೇರೆ ಅಂಗಡಿ.

ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿ ಮೂರು ದಿನ. ಸ್ಟೆಂಟ್ ಹಾಕಿದಂದಿನಿಂದ ದಿನವೂ ಹೆಂಡತಿಯ ಕೈಯಿಂದಲೇ ನುಂಗಿದ್ದು. ಒಟ್ಟು ಐದು ದಿನ ಮಾತ್ರೆ ಬಿಟ್ಟ ಮೇಲೆ, ಆರನೇ ತಾರೀಖು ಬೈಪಾಸ್. ಮಾತ್ರೆ ಡಬ್ಬಿ ಅವಳೇ ಒಳಗಿಟ್ಟಳು. ಮುಖ ಸಪ್ಪೆ.

ಮಾರ್ಚ್ 5
ಬೆಳಿಗ್ಗೆ ಹೊಸ ಅಂಗಡಿಯ ಹಾಲು. ಅದೂ ಕಹಿ! ಊರ ಹಸುಗಳಿಗೆಲ್ಲ ಒಂದೇ ರೋಗವೋ...

ಸಂಜೆ ಅಡ್ಮಿಟ್. ಅರಿವಳಿಕೆ ಡಾಕ್ಟರಮ್ಮ ಬಂದು ವಿವರಿಸಿದರು. ಆಪರೇಷನ್ ವೇಳೆ ರಕ್ತ ಮೆಷಿನ್ನಿನಲ್ಲಿ ಹರಿಯುವಾಗ ಹೆಪ್ಪುಗಟ್ಟಬಾರದು — ಅದಕ್ಕೊಂದು ಔಷಧ. ಕೆಲಸ ಮುಗಿದ ಮೇಲೆ ಕಟ್ಟಲೇಬೇಕು — ಅದಕ್ಕಿನ್ನೊಂದು.
"ನೀರು ಬೆರೆಸೋರೂ ನೀವೇ, ಹೆಪ್ಪು ಹಾಕೋರೂ ನೀವೇ," ಅಂದೆ.
ನಕ್ಕರು. "ನೀವು ನಿಲ್ಲಿಸಿರೋ ಆ ಮಾತ್ರೆ ಒಳಗಿದ್ರೆ ಮಾತ್ರ ನಮ್ಮ ಹೆಪ್ಪು ಕೂಡಲ್ಲ. ಹೊಲಿದ ಕಡೆಯೆಲ್ಲ ಜಿನುಗುತ್ತೆ. ನಿಲ್ಲಿಸೋದೇ ಕಷ್ಟ."

ಮಾರ್ಚ್ 6
ಎದೆ ಬೋಳಿಸಿ, ಗೌನ್ ತೊಡಿಸಿ, ಆಪರೇಷನ್ ಥಿಯೇಟರಿನ ಬಾಗಿಲ ತನಕ ತಳ್ಳಿಕೊಂಡು ಹೋಗಿ... ವಾಪಸ್. ರಕ್ತದಲ್ಲಿ ಮಾತ್ರೆಯ ಪ್ರಭಾವ ಇನ್ನೂ ಇದೆಯಂತೆ. ಮಾತ್ರೆ ತಗೊಂಡ್ರಾ ಅಂತ ಸರ್ಜನ್ ಕೇಳಿದ ಧಾಟಿ ನೋಡಬೇಕಿತ್ತು — ಕದ್ದು ತಿಂದ ಬೆಕ್ಕನ್ನು ಕೇಳಿದ ಹಾಗೆ. ಲ್ಯಾಬಿನವರ ಮೇಲೆ ಕೂಗಾಡಿದೆ. ಮತ್ತೆ ರಕ್ತ ತೆಗೆದರು. ಅದೇ ಉತ್ತರ. ಬಚ್ಚಲಿಗೆ ನಡೆದರೂ ಎದೆ ಹಿಂಡುತ್ತಿದೆ. ಇನ್ನೂ ಐದು ದಿನ ಹೀಗೇ ಇರಬೇಕಂತೆ.

ಸಂಜೆ ಆಸ್ಪತ್ರೆ ಹಾಲು ಕೊಟ್ಟರು. ನೀರೋ ನೀರು. ಆದರೆ ಕಹಿ ಇಲ್ಲ.

ಇವಳ ಕಡೆ ನೋಡಿದೆ. ಇವಳು ಕಿಟಕಿ ಕಡೆ ನೋಡಿದಳು.

"ಪುಡಿ ಮಾಡಿ ಹಾಲಿಗೆ ಹಾಕ್ತಿದ್ದೆ," ಅಂದಳು ಕೊನೆಗೆ. "ಸ್ಟೆಂಟ್ ಹಾಕಿದ ಡಾಕ್ಟ್ರು ನನ್ನನ್ನೇ ಕೂರಿಸ್ಕೊಂಡು ಹೇಳಿದ್ರು — ಒಂದಿನ ತಪ್ಪಿದ್ರೂ ಮುಚ್ಕೊಳ್ಳುತ್ತಮ್ಮಾ ಅಂತ. ಇಲ್ಲಿನವರು ಬಿಡಿ ಅಂತಾರೆ. ಮುಚ್ಕೊಂಡ್ರೆ?"
"ನನಗೊಂದು ಮಾತು ಹೇಳೋಕೇನಾಗಿತ್ತು ನಿಂಗೆ?"
"ನಿಮ್ಮ ಹತ್ರ ಮಾತಾಡಿ ಗೆದ್ದೋರು ಯಾರಿದ್ದಾರೆ?"

ಹಾಲಿನ ಲೋಟ ಪಕ್ಕಕ್ಕಿಟ್ಟು ಗೋಡೆ ಕಡೆ ಹೊರಳಿದೆ.

ಮಾರ್ಚ್ 9
ಕಾಯುವುದೇ ಕೆಲಸ. ಇವಳೊಂದಿಗೆ ಮಾತಿಲ್ಲ. ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು, "ಸ್ಟೆಂಟ್ ಹಾಕಿದ ಡಾಕ್ಟ್ರು ಹೇಳಿದ್ದೂ ನಿಜ ಅಮ್ಮ. ಅವತ್ತಿಗೆ ಅದು ಸರಿ, ಇವತ್ತಿಗೆ ಇದು."
"ಅದನ್ನ ಮೊದಲೇ ಹೇಳ್ಬಾರ್ದಿತ್ತಾ?" ಅಂದಳು.
ನ್ಯಾಯವಾದ ಮಾತು. ಸಿಟ್ಟಿನಲ್ಲಿದ್ದೆ, ಹೌದು ಅನ್ನಲಿಲ್ಲ.

ರಾತ್ರಿ ಎದೆ ಹಿಂಡಿದಾಗ ಎಚ್ಚರವಾಯಿತು. ಇವಳು ಕೂತೇ ಇದ್ದಳು, ನನ್ನ ಉಸಿರು ನೋಡುತ್ತಾ.

ಮಾರ್ಚ್ 16
ಬೈಪಾಸ್ ಆಗಿ ಐದು ದಿನ. ಕೆಮ್ಮಿದರೆ ಎದೆ ಬಿರಿಯುತ್ತದೆ. ಜಿನುಗುವುದು ನಿಂತು, ಎದೆಯಿಂದ ರಕ್ತ ಬಸಿಯುತ್ತಿದ್ದ ನಳಿಕೆಗಳನ್ನು ತೆಗೆದಿದ್ದಾರೆ. ಇನ್ನು ಹೊಸ ನಾಳ ಮುಚ್ಚಬಾರದಂತೆ — ಇವತ್ತಿನಿಂದ ಮತ್ತೆ ಅದೇ ಮಾತ್ರೆ. ಅದೇ!

ನರ್ಸ್ ಮಾತ್ರೆಯನ್ನು ಇವಳ ಮುಂದಿಟ್ಟು ಹೋದಳು. ಇವಳು ಮುಟ್ಟಲಿಲ್ಲ. ಕೈ ಸೆರಗಿನೊಳಗೆ.
"ನೀವೇ ತಗೊಳ್ಳಿ. ನಂಗೆ ಬೇಡ ಇದರ ಸಹವಾಸ."
"ನೀನೇ ಕೊಡು," ಅಂದೆ. "ಪುಡಿ ಮಾತ್ರ ಮಾಡ್ಬೇಡ."
ನಗಲಿಲ್ಲ. ಎದ್ದಳು. ನೀರಿನ ಲೋಟ ತೊಳೆಯುತ್ತಿದ್ದಾಳೆ, ಒಂದು ಸಲ, ಎರಡು ಸಲ... ಮಾತ್ರೆ ಎತ್ತಿಕೊಂಡು ಬಂದಳು. ಅಂಗೈ ಚಾಚಬೇಕು, ಪೆನ್ನು ಕೆಳಗಿಡುತ್ತೇನೆ.