ಭಾವ ಹುಡುಕಿದ ಸುಶಿ ಅಂಗಡಿ

ಮಾರ್ಚ್ ೧೪, ಶನಿವಾರ

ಅಕ್ಕನ ಗಂಡನ ಸುಶಿ ಹುಚ್ಚಿನಿಂದ ತಲೆ ಚಿಟ್ಟು ಹಿಡಿದಿದೆ. ಅಗ್ಗವಾಗಿರಬೇಕಂತೆ, ಮನೆಗೆ ಹತ್ತಿರವೂ ಇರಬೇಕಂತೆ. ಇವತ್ತು ಲಾಂಡ್ರಿ ಪಕ್ಕದ ಅಂಗಡಿಗೆ ನಮ್ಮನ್ನು ಎಳೆದೊಯ್ದರು. ಚಾಪ್‌ಸ್ಟಿಕ್ ಕಡ್ಡಿ ಹಿಡಿಯಲೂ ಬಾರದ ಮನುಷ್ಯ, ಅನ್ನ ಎಷ್ಟು ಬೆಚ್ಚಗಿರಬೇಕೆಂದು ಅಡುಗೆಯವನಿಗೇ ಪಾಠ ಮಾಡಿದರು.

"ಮೀನು ಫ್ರೆಶ್ಶಾ?"

"ಮೊನ್ನೇದು ಸಾರ್," ಎಂದ ಅವನು, ಕತ್ತರಿಸುತ್ತಲೇ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿದ್ಯೇನೋ, ಒಳ್ಳೆ ಅಂಗಡಿಯೋರು ಹಿಂಗೇ ತಮಾಷೆ ಮಾಡೋದು!"

ಅಡುಗೆಯವನು ನಗಲಿಲ್ಲ. ಅಕ್ಕ ಬರೀ ಸೌತೆಕಾಯಿ ಸುಶಿ ತಿಂದಳು. ನಾನು ನನ್ನ ಪಾಲಿನ ಮೀನನ್ನೂ ಭಾವನ ತಟ್ಟೆಗೆ ಸರಿಸಿದೆ.

"ನಿನ್ನಷ್ಟು ಒಳ್ಳೆಯವನು ಯಾರಿದಾರೆ ಹೇಳು," ಎಂದು ಬೆನ್ನು ತಟ್ಟಿದರು.

ಬಾತ್‌ರೂಮಿನಲ್ಲಿ ಭಾವ ಈಗಲೂ ಹೊಟ್ಟೆ ಹಿಡಿದುಕೊಂಡೇ ಇದ್ದಾರೆ, ನಗು ಮಾತ್ರ ಇಲ್ಲ. ಅಕ್ಕ ನನ್ನನ್ನೇ ಕೂಗುತ್ತಿದ್ದಾಳೆ. ಕೂಗಲಿ, ಈ ಸಾಲೊಂದು ಮುಗಿಸಿ