ಹಾಲಿನ ಸೈಕಲ್ಲಿನ ಚೈನು

ಪುನರ್ವಸತಿ ಕೇಂದ್ರ, ಬೀಳಗಿ ತಾಲೂಕು
೨೮ ನವೆಂಬರ್ ೨೦೦೪

ತೇರದಾಳದ ನನ್ನ ಪ್ರೀತಿಯ ಅಕ್ಕ ಸುಂದರವ್ವನಿಗೆ ತಂಗಿ ಭಾಗ್ಯಾಳ ನಮಸ್ಕಾರ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕುಳಿತಾಗಲೆಲ್ಲ ಒಂದಲ್ಲ ಒಂದು ಕೆಲಸ ಎಬ್ಬಿಸಿತು. ಕೆಲಸವಿಲ್ಲದಾಗ ಮನಸ್ಸು ಬರಲಿಲ್ಲ. ಸಿಟ್ಟಾಗಬೇಡ. ನಿನ್ನ ಮಾವನವರ ಕೆಮ್ಮು ಕಡಿಮೆಯಾಯಿತೇ?

ನನ್ನ ಮನೆಯವರ ಕೈ ವಿಷಯ ಯಾರೋ ಹೇಳಿದರೆಂದು ನೀನು ಕೇಳಿದ್ದೆ. ಖರೆ. ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಮೇಯಿಸಲು ಜಾಗ ಉಳಿಯಲಿಲ್ಲ. ಕುರಿ ಮಾರಿ ಎಮ್ಮೆ ಕಟ್ಟಿದ್ದು ನಿನಗೆ ಗೊತ್ತು. ಬೀಳಗಿಗೆ ಹಾಲು ಒಯ್ಯಲು ಇವರು ತಮ್ಮ ಸೈಕಲ್ಲಿಗೆ ಹಳೆಯ ಮೊಪೆಡ್ಡಿನ ಎಂಜಿನ್ ಕೂಡಿಸಿದ್ದರು. ಓಡುತ್ತಿತ್ತು, ಆದರೆ ಏರು ಬಂದರೆ ಚೈನು ಕಳಚುತ್ತಿತ್ತು. ಒಂದು ಮುಂಜಾನೆ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಇಟ್ಟುಕೊಂಡೇ ಚೈನು ಎಲ್ಲಿ ಉಜ್ಜುತ್ತದೆಂದು ಬಗ್ಗಿ ನೋಡುತ್ತಿದ್ದರು. ಅಂಗಿಯ ತೋಳು ಸಿಕ್ಕಿತು. ನಾನು ಓಡಿಬರುವಷ್ಟರಲ್ಲಿ ಹಲ್ಲುಚಕ್ರ ಬಲಗೈಯ ಬೆರಳುಗಳನ್ನು ಎಳೆದುಕೊಂಡಿತ್ತು. ಹೆಬ್ಬೆರಳು, ಕಿರುಬೆರಳು ಉಳಿದಿವೆ.

ಬೀಳಗಿಯ ಹೋಟೆಲಿನ ಗಿರಿಮಲ್ಲಪ್ಪ, "ನಾಕ ದಿನ ತಡೀತೀನವಾ, ಆಮ್ಯಾಲ ಬ್ಯಾರೇದವರ ಹಾಲು ತಗೋಬೇಕಾಕ್ಕೇತಿ" ಎಂದು ಹೇಳಿ ಕಳಿಸಿದ. ಇವರು ಹೊರಸಿನ ಮೇಲೆ ಕುಳಿತು, "ಗುಜರಿಗಿ ಹಾಕ ಅದನ್ನ" ಎಂದರು. ನಾನು ಕೇಳಲಿಲ್ಲ. ಸೈಕಲ್ ಅಂಗಡಿಯ ಶಿವಯೋಗೆಪ್ಪನನ್ನು ರಿಪೇರಿ ಹೇಗೆಂದು ಕೇಳಿಕೊಂಡು ಬಂದು, ಎಂಜಿನ್ ಚಾಲೂ ಆಗದಂತೆ ಪ್ಲಗ್ಗಿನ ವೈರು ಕಿತ್ತಿಟ್ಟು, ಅತ್ತೆಯ ಕೈಗೆ ಒಂದು ನೂಲಿನ ತುದಿ ಕೊಟ್ಟೆ. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರದ ಮೈಗೆ ಹತ್ತಿಸಿ ಎಂಜಿನ್ನಿನ ಸಣ್ಣದರ ಕಡೆಗೆ ನೂಲು ನೇರವಾಗಿ ಜಗ್ಗಿ ಹಿಡಿದರೆ, ಅದು ಸಣ್ಣದನ್ನು ಮುಟ್ಟುತ್ತಲೇ ಇರಲಿಲ್ಲ. ಎಂಜಿನ್ ಒಳಗೆ ಸರಿದು ಕುಳಿತು ಚೈನು ಓರೆಯಾಗಿ ಓಡುತ್ತಿತ್ತು.

"ಎಟ್ಟ ಸರಿಸಬೇಕವಾ?" ಎಂದರು ಅತ್ತೆ.

"ನೂಲು ಎರಡಕ್ಕೂ ಹತ್ತೂತನಾ, ಅತ್ತಿ. ನೀ ಅಲುಗಾಡಬ್ಯಾಡ."

ಬೋಲ್ಟು ಸಡಿಲಿಸಿ ಎಂಜಿನ್ನನ್ನು ಹೊರಗೆ ತಂದು, ಸಂದಿಗೆ ವಾಶರ್ ಕೊಟ್ಟು ಬಿಗಿದೆ. ಬಿಗಿಯುವಾಗ ಮತ್ತೆ ಜರುಗಿತು. ಮತ್ತೆ ಬಿಚ್ಚಿದೆ. ಗಾಲಿಯೂ ಒಂದು ಬದಿಗೆ ವಾಲಿತ್ತು, ಅದನ್ನೂ ನೇರ ಮಾಡಿದೆ. ಕೈಯಿಂದ ತಿರುಗಿಸಿದಾಗ ಚೈನು ಎಲ್ಲೂ ತಡೆಯದೆ ಹರಿಯಿತು. ಇವರು ಹೊರಸಿನಿಂದಲೇ ನೋಡುತ್ತಿದ್ದು, ಕೊನೆಗೆ "ಬಾಳ ಬಿಗಿ ಆಗೇತಿ, ಒಂದೀಟ ಸಡ್ಲ ಬಿಡು" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಹೇಳಿದ್ದು ಸರಿಯಿತ್ತು.

ಮರುದಿನದಿಂದ ನಾನೇ ಹಾಲು ಒಯ್ಯುತ್ತಿದ್ದೇನೆ. ಏರಿನಲ್ಲೂ ಚೈನು ಬಿದ್ದಿಲ್ಲ. ಮೊದಲು ನಳದ ಹತ್ತಿರದ ಹೆಂಗಸರು ನಗುತ್ತಿದ್ದರು, ಈಗ ಕೊಡ ಸರಿಸಿ ದಾರಿ ಬಿಡುತ್ತಾರೆ. ಇವರು ಎಡಗೈಯಲ್ಲಿ ಊಟ ಮಾಡಲು ಕಲಿಯುತ್ತಿದ್ದಾರೆ. ನಾನು ಒಳಗೆ ಬಂದರೆ ತಾಟು ಬಿಟ್ಟು ಏಳುತ್ತಾರೆ.

ಬೀರೇಶ್ವರ ನಿನ್ನ ಮಕ್ಕಳನ್ನು ನೆರಳಿನಲ್ಲಿಟ್ಟು ಕಾಯಲಿ. ಅವರಿಗೆ ನನ್ನ ಮುತ್ತು ಕೊಡು.

ನಿನ್ನ ತಂಗಿ
ಭಾಗ್ಯಾ

ತಾ.ಕ.: ಅಕ್ಕ, ಬಸುರಿಯಾದ ನನಗೆ ಕುಬಸ ಮಾಡಲು ಹಸಿರು ಸೀರೆ ತೆಗೆದಿಟ್ಟಿರುವುದಾಗಿ ನೀನು ಬರೆದಿದ್ದೆ. ತರಬೇಡ. ದೀಪಾವಳಿಗೆ ಮೊದಲೇ ಕೂಸು ಹೊಟ್ಟೆಯಲ್ಲೇ ಹೋಯಿತು. ದವಾಖಾನೆಯ ಡಾಕ್ಟರಬಾಯಿ ಇವರ ಎದುರಿಗೇ, "ಸೈಕಲ್ ಹೊಡದದ್ದಕ್ಕ ಆಗಿದ್ದಲ್ಲಪಾ, ಕೂಸು ಮದಲ ಬೆಳಿಯೂದು ನಿಂತಿತ್ತು" ಎಂದು ಬಿಡಿಸಿ ಹೇಳಿದರು. ಹೊರಗೆ ಬಂದು ಇವರು ಅಂದದ್ದು: "ನನ್ನ ಕೈ ಹೋತು, ತಡಕೊಂಡೆ. ನೀ ನನ್ನ ಕೂಸಿನ್ನ ಆ ಗಾಡಿಗಿ ಹಾಕಿದಿ." ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಅತ್ತೆ ಮಗನ ಮುಂದೆ ಬಾಯಿ ಬಿಡುವುದಿಲ್ಲ. ನಾನು ಹಾಲು ಒಯ್ಯುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನೀನು ಒಂದು ಸಲ ಬಾ. ಆ ಕೂಸಿನ ಸಲುವಾಗಿ ನನ್ನ ಜೊತೆ ಕುಳಿತು ಅಳುವವರು ಇಲ್ಲಿ ಯಾರೂ ಇಲ್ಲ.